ಫ್ರೀ ಏಜೆನ್ಸಿ ಸೈನಿಂಗ್ ಬಂದಾಗ ಹುಡುಗರ ಲೆಕ್ಕ ಹಾಕೋದು ಹೇಗೆ

ಜೂನ್ 30ರ ಸಂಜೆ ಆರಕ್ಕೆ, ನ್ಯೂಯಾರ್ಕ್ ಟೈಮ್ ಪ್ರಕಾರ, ಎನ್‌ಬಿಎ, ಅಂದ್ರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ಫ್ರೀ ಏಜೆನ್ಸಿ ಓಪನ್ ಆಗುತ್ತೆ, ಕಾಂಟ್ರಾಕ್ಟ್ ಮುಗಿದ ಪ್ಲೇಯರ್‌ಗಳು ಹೊಸ ಡೀಲ್ ಮಾತಾಡೋ ಸಮಯ ಅದು, ನಮ್ಮಲ್ಲಿ ಆಗ ಜುಲೈ 1ರ ಬೆಳಗಿನ ಜಾವ ಮೂರೂವರೆ. ನಾವು ಎದ್ದು ಫೋನ್ ನೋಡೋಷ್ಟರಲ್ಲಿ ಒಂದಷ್ಟು ಡೀಲ್ ಆಗೋಗಿರುತ್ತೆ, ಜಗಳಾನೂ ಶುರುವಾಗಿರುತ್ತೆ. ಒಬ್ರು "ಇವನಿಗೆ ಇಷ್ಟು ದುಡ್ಡಾ" ಅಂತಾರೆ, ಇನ್ನೊಬ್ರು "ಹಂಗಾದ್ರೆ ನಮ್ ಹುಡುಗರು ಆಡೋದ್ಯಾವಾಗ" ಅಂತಾರೆ. ಎರಡೂ ಸರಿಯಾದ ಪ್ರಶ್ನೆನೇ, ಆದ್ರೆ ಬೇರೆ ಬೇರೆ ಕೇಳಿದ್ರೆ ಉತ್ತರ ಸಿಗಲ್ಲ. ಒಂದು ಸೈನಿಂಗ್ ಒಳ್ಳೇದಾ ಕೆಟ್ಟದ್ದಾ ಅನ್ನೋದು ಆ ಪ್ಲೇಯರ್ ಪಕ್ಕದಲ್ಲಿ ಆಡೋ 20-22 ವರ್ಷದ ಹುಡುಗರಿಗೆ ಅದರಿಂದ ಏನಾಗುತ್ತೆ ಅನ್ನೋದ್ರ ಮೇಲೆ ನಿಂತಿದೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಅದನ್ನ ನೋಡೋ ದಾರಿ ಹೇಳ್ತೀನಿ.

ಮೊದಲು ದುಡ್ಡು ಎಲ್ಲಿಂದ ಬಂತು ಅಂತ ನೋಡಿ. ಐಪಿಎಲ್ ಆಕ್ಷನ್‌ನಲ್ಲಿ ಪರ್ಸ್ ಖಾಲಿ ಆದ್ರೆ ಮುಗೀತು, ಎನ್‌ಬಿಎನಲ್ಲಿ ಹಂಗಿಲ್ಲ, ಸ್ಯಾಲರಿ ಕ್ಯಾಪ್ (ಒಂದು ಟೀಮ್ ಸಂಬಳಕ್ಕೆ ಖರ್ಚು ಮಾಡೋ ಮಿತಿ) ದಾಟಿದ್ಮೇಲೂ ಖರ್ಚು ಮಾಡೋಕೆ ದಾರಿಗಳಿವೆ. 2025-26ಕ್ಕೆ ಕ್ಯಾಪ್ 154.6 ಮಿಲಿಯನ್ ಡಾಲರ್, ಲಕ್ಷುರಿ ಟ್ಯಾಕ್ಸ್ ಗೆರೆ (ದಾಟಿದ್ರೆ ದಂಡ) 187.9, ಅದರ ಮೇಲಿನ ಗೆರೆಗಳು ಫಸ್ಟ್ ಏಪ್ರನ್ 195.9, ಸೆಕೆಂಡ್ ಏಪ್ರನ್ 207.8. ಕೆಳಗಿಂದ ಮೇಲಕ್ಕೆ ಹೋದಷ್ಟೂ ಕೈ ಕಟ್ಟಿಹಾಕ್ತಾ ಹೋಗ್ತಾರೆ, ಸೆಕೆಂಡ್ ಏಪ್ರನ್ ದಾಟಿದ್ರೆ ಇಬ್ಬರು ಪ್ಲೇಯರ್‌ಗಳ ಸಂಬಳ ಸೇರಿಸಿ ಒಬ್ಬ ದೊಡ್ಡ ಪ್ಲೇಯರ್‌ನ ಟ್ರೇಡ್‌ನಲ್ಲಿ (ಬೇರೆ ಟೀಮ್ ಜೊತೆ ಅದಲುಬದಲಿನಲ್ಲಿ) ತರೋಕೂ ಆಗಲ್ಲ. ತನ್ನದೇ ಪ್ಲೇಯರ್‌ನ ಉಳಿಸ್ಕೊಳ್ಳೋಕೆ ಮಾತ್ರ ಬರ್ಡ್ ರೈಟ್ಸ್ ಅಂತ ಇದೆ, ಮೂರು ಸೀಸನ್ ಇದ್ರೆ ಕ್ಯಾಪ್ ದಾಟಿ ಮ್ಯಾಕ್ಸ್, ಅಂದ್ರೆ ಒಬ್ಬನಿಗೆ ಕೊಡಬಹುದಾದ ಗರಿಷ್ಠ ಸಂಬಳದ ವರೆಗೂ ಕೊಡಬಹುದು, ಎರಡೇ ಸೀಸನ್ ಆಗಿದ್ರೆ ಅರ್ಲಿ ಬರ್ಡ್, ಅದಕ್ಕೆ ಒಂದು ಮಿತಿ ಇರುತ್ತೆ. 2024ರಲ್ಲಿ ಐಸಾಯಾ ಹಾರ್ಟೆನ್‌ಸ್ಟೈನ್‌ನ ನ್ಯೂಯಾರ್ಕ್ ನಿಕ್ಸ್ ಬಿಟ್ಟುಕೊಟ್ರು ಅಂತ ಎಷ್ಟೋ ಜನ ಮ್ಯಾನೇಜ್‌ಮೆಂಟ್‌ನ ಬೈದ್ರು, ಆದ್ರೆ ಅವನು ಅಲ್ಲಿ ಆಡಿದ್ದು ಎರಡೇ ಸೀಸನ್, ನಿಕ್ಸ್ ಕೊಡಬಹುದಾಗಿದ್ದೇ 4 ವರ್ಷಕ್ಕೆ 72.5 ಮಿಲಿಯನ್, ಒಕ್ಲಹೋಮ ಸಿಟಿ ಹತ್ರ ಕ್ಯಾಪ್ ಜಾಗ ಇತ್ತು, 3 ವರ್ಷಕ್ಕೆ 87 ಕೊಟ್ಟು ಕರ್ಕೊಂಡ್ರು. ಇದು ಗೊತ್ತಿದ್ರೆ ಅರ್ಧ ವಾದ ಅಲ್ಲೇ ಮುಗಿಯುತ್ತೆ.

ಆಮೇಲೆ ಡಾಲರ್ ನಂಬರ್ ಬಿಟ್ಟು ಪರ್ಸೆಂಟ್‌ಗೆ ಬನ್ನಿ, ಮೊದಲ ವರ್ಷದ ಸಂಬಳ ಆ ವರ್ಷದ ಕ್ಯಾಪ್‌ನಲ್ಲಿ ಎಷ್ಟು ಪಾಲು ಅಂತ. ಜೇಲನ್ ಬ್ರನ್‌ಸನ್ 2022ರಲ್ಲಿ ಡಲ್ಲಾಸ್ ಬಿಟ್ಟು ನಿಕ್ಸ್‌ಗೆ ಬಂದಾಗ 4 ವರ್ಷಕ್ಕೆ 104 ಮಿಲಿಯನ್, ಡ್ರಾಫ್ಟ್‌ನ (ಟೀಮ್‌ಗಳು ಸರದಿಯಂತೆ ಹೊಸ ಹುಡುಗರನ್ನ ಆರಿಸೋದು) ಎರಡನೇ ರೌಂಡಲ್ಲಿ 33ನೇ ಪಿಕ್ ಆಗಿದ್ದವನಿಗೆ ಇಷ್ಟಾ ಅಂತ ಬಾಯಿಗೆ ಬಂದಂಗೆ ಮಾತಾಡಿದ್ರು. ಮೊದಲ ವರ್ಷ ಅದು ಕ್ಯಾಪ್‌ನ ಸುಮಾರು 22 ಪರ್ಸೆಂಟ್. ಆದ್ರೆ ಆ ಕಾಂಟ್ರಾಕ್ಟ್ ವರ್ಷ ವರ್ಷ ಕಮ್ಮಿ ಆಗೋ ಥರ ಬರೆದಿದ್ರು, ಕ್ಯಾಪ್ ಮೇಲೆ ಹೋಗ್ತಾನೇ ಇತ್ತು, 2024-25ರ ಹೊತ್ತಿಗೆ 18 ಪರ್ಸೆಂಟ್ ಆಸುಪಾಸಿಗೆ ಇಳಿದಿತ್ತು, ಅದೇ ವರ್ಷ ನಿಕ್ಸ್ 2000ದ ನಂತರ ಮೊದಲ ಸಲ ಈಸ್ಟ್ (ಪೂರ್ವ ಭಾಗದ ಟೀಮ್‌ಗಳ) ಫೈನಲ್ ಆಡಿದ್ದು.

ಇಲ್ಲಿವರೆಗೂ ಬರೀ ಲೆಕ್ಕ, ನಿಜವಾದ ವಿಷಯ ಮುಂದಿದೆ.

2016ರ ಲಾಸ್ ಏಂಜಲೀಸ್ ಲೇಕರ್ಸ್‌ನ ನೋಡಿ. ಟಿವಿ ಹಕ್ಕಿನ ಹೊಸ ದುಡ್ಡು ಬಂದು ಕ್ಯಾಪ್ ಒಂದೇ ಏಟಿಗೆ 70ರಿಂದ 94 ಮಿಲಿಯನ್‌ಗೆ ಹಾರಿತು, ಎಲ್ಲರ ಜೇಬೂ ತುಂಬಿತ್ತು. ಕೋಬಿ ರಿಟೈರ್ ಆಗಿದ್ದ, ಟೀಮ್ 17-65 (17 ಗೆಲುವು, 65 ಸೋಲು) ಮುಗಿಸಿತ್ತು, ಕೈಯಲ್ಲಿ ಡಿ'ಆಂಜೆಲೊ ರಸೆಲ್, ಜೂಲಿಯಸ್ ರ‍್ಯಾಂಡಲ್, ಜೋರ್ಡನ್ ಕ್ಲಾರ್ಕ್‌ಸನ್, ಆಗಷ್ಟೇ ಎರಡನೇ ಪಿಕ್ ಆಗಿ ಬಂದ ಬ್ರಾಂಡನ್ ಇಂಗ್ರಾಮ್ ಇದ್ರು. ಅಂಥಾ ಟೀಮ್ ಫ್ರೀ ಏಜೆನ್ಸಿ ಓಪನ್ ಆಗ್ತಿದ್ದಂಗೆ ಟಿಮೊಫೆ ಮೊಜ್‌ಗಾವ್‌ಗೆ 4 ವರ್ಷಕ್ಕೆ 64 ಮಿಲಿಯನ್, ಹಿಂದೇನೇ ಲುವೋಲ್ ಡೆಂಗ್‌ಗೆ 4 ವರ್ಷಕ್ಕೆ 72 ಕೊಡ್ತು. ಡೆಂಗ್ ಒಳ್ಳೇ ಪ್ಲೇಯರ್, ಒಳ್ಳೇ ಮನುಷ್ಯ, ಆದ್ರೆ ಅವನು ಆಡ್ತಿದ್ದದ್ದು ಇಂಗ್ರಾಮ್‌ನ ಜಾಗದಲ್ಲೇ. ಮುಂದಿನ ವರ್ಷ ಮೊಜ್‌ಗಾವ್ ಕಾಂಟ್ರಾಕ್ಟ್‌ನಿಂದ ತಪ್ಪಿಸ್ಕೊಳ್ಳೋಕೆ ಜೊತೆಗೆ ರಸೆಲ್‌ನೂ ಬ್ರೂಕ್‌ಲಿನ್‌ಗೆ ಕೊಡಬೇಕಾಯ್ತು, ಅವನು 2019ರಲ್ಲಿ ಅಲ್ಲಿ ಆಲ್‌ಸ್ಟಾರ್ (ವರ್ಷದ ಟಾಪ್ ಪ್ಲೇಯರ್‌ಗಳ ಮ್ಯಾಚ್‌ಗೆ ಆಯ್ಕೆ) ಆದ. ಡೆಂಗ್‌ನ 2018ರಲ್ಲಿ ಬಿಟ್ಟು ಕಳಿಸಿದ್ರೂ ಅವನ ದುಡ್ಡು 2021-22ರ ವರೆಗೂ ಲೆಕ್ಕದಲ್ಲಿ ಕೂತಿತ್ತು. ತಪ್ಪು ಸೈನಿಂಗ್‌ನ ಬೆಲೆಯನ್ನ ಟೀಮ್ ಕೊನೆಗೆ ಹುಡುಗರ ರೂಪದಲ್ಲೇ ಕಟ್ಟುತ್ತೆ, ಅದಕ್ಕೇ ಈ ವಿಷಯ ನನಗೆ ಇಷ್ಟು ಮುಖ್ಯ.

ಈಗ ಹ್ಯೂಸ್ಟನ್. ಸತತ ಮೂರು ಸೀಸನ್ 17, 20, 22 ಗೆಲುವು. ಕೊನೇ ಹೊತ್ತಿಗೆ ಶೆಂಗುನ್, ಜೇಲನ್ ಗ್ರೀನ್, ಜಬಾರಿ ಸ್ಮಿತ್ ಅಂಥಾ ಹುಡುಗರೆಲ್ಲಾ ಇದ್ರು, ಆದ್ರೆ ಬಾಲ್ ಯಾವಾಗ ಎಲ್ಲಿಗೆ ಹೋಗಬೇಕು ಅಂತ ಹೇಳೋರೇ ಇರಲಿಲ್ಲ. 2023ರಲ್ಲಿ ಹೊಸ ಕೋಚ್ ಈಮೆ ಉಡೋಕಾ ಬಂದ, ಜೊತೆಗೆ ಫ್ರೆಡ್ ವ್ಯಾನ್‌ವ್ಲೀಟ್ 3 ವರ್ಷಕ್ಕೆ ಸುಮಾರು 128 ಮಿಲಿಯನ್, ಡಿಲನ್ ಬ್ರೂಕ್ಸ್ 4 ವರ್ಷಕ್ಕೆ 80 ಮಿಲಿಯನ್ ಮೇಲೆ. ವ್ಯಾನ್‌ವ್ಲೀಟ್ ಮೊದಲ ವರ್ಷ ಕ್ಯಾಪ್‌ನ ಪೂರ್ತಿ 30 ಪರ್ಸೆಂಟ್, ಅಂದ್ರೆ ಅವನಿಗೆ ಕೊಡಬಹುದಾದ ಮ್ಯಾಕ್ಸ್. ಒಮ್ಮೆಯೂ ಆಲ್‌ಎನ್‌ಬಿಎ (ಸೀಸನ್‌ನ ಅತ್ಯುತ್ತಮ ಪ್ಲೇಯರ್‌ಗಳ ಪಟ್ಟಿ) ಆಗದವನಿಗೆ ಮ್ಯಾಕ್ಸಾ ಅಂತ ಎಲ್ಲಾ ಕಡೆ ಕೂಗಾಟ. ಮೊದಲ ಸೀಸನ್ 41-41, ಎರಡನೇದು 52-30, ವೆಸ್ಟ್‌ನಲ್ಲಿ ಎರಡನೇ ಸ್ಥಾನ, ಶೆಂಗುನ್ ಆಲ್‌ಸ್ಟಾರ್, ಅಮೆನ್ ಥಾಂಪ್ಸನ್ ಆಲ್ ಡಿಫೆನ್ಸಿವ್ ಫಸ್ಟ್ ಟೀಮ್.

ಆ ಕೂಗಾಟದಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದೇ ಇದ್ದಿದ್ದು ಕಾಂಟ್ರಾಕ್ಟ್‌ನ ಮೂರನೇ ವರ್ಷ, ಅದು ಟೀಮ್ ಆಪ್ಷನ್, ಅಂದ್ರೆ ಆ ವರ್ಷ ಇಟ್ಕೊಳ್ಳೋದಾ ಬಿಡೋದಾ ಅನ್ನೋದು ಟೀಮ್ ಕೈಯಲ್ಲಿ. ಈಗ ಹುಡುಗರ ಕಡೆ ಬನ್ನಿ, ಮೊದಲ ರೌಂಡ್ ಪಿಕ್‌ಗೆ ರೂಕಿ (ಹೊಸಬರ) ಕಾಂಟ್ರಾಕ್ಟ್ 4 ವರ್ಷ, ಮೂರು ವರ್ಷ ಆಡಿದ್ಮೇಲೆ ಎಕ್ಸ್‌ಟೆನ್ಷನ್ (ಕಾಂಟ್ರಾಕ್ಟ್ ಮುಂದುವರಿಕೆ) ಕೊಡಬಹುದು, ಅದು ಶುರುವಾಗೋದು ಐದನೇ ವರ್ಷಕ್ಕೆ. 2021ರಲ್ಲಿ ಡ್ರಾಫ್ಟ್ ಆದ ಶೆಂಗುನ್‌ಗೆ ಐದನೇ ವರ್ಷ ಅಂದ್ರೆ 2025-26, ಅವನ 5 ವರ್ಷಕ್ಕೆ 185 ಮಿಲಿಯನ್ ಡೀಲ್ ಶುರುವಾಗಿದ್ದು ಆಗಲೇ, ವ್ಯಾನ್‌ವ್ಲೀಟ್‌ನ ಟೀಮ್ ಆಪ್ಷನ್ ಕೂತಿದ್ದೂ ಸರಿಯಾಗಿ ಅದೇ ವರ್ಷಕ್ಕೆ. ಹ್ಯೂಸ್ಟನ್ ಆ 45 ಮಿಲಿಯನ್ ಹತ್ರದ ಆಪ್ಷನ್ ಬೇಡ ಅಂದು ಅವನನ್ನೇ 2 ವರ್ಷಕ್ಕೆ 50ಕ್ಕೆ ಮತ್ತೆ ಸೈನ್ ಮಾಡಿಸ್ಕೊಳ್ತು. ಹಾರ್ಟೆನ್‌ಸ್ಟೈನ್ ಕಾಂಟ್ರಾಕ್ಟ್ ಒಂದ್ಸಲ ಬಿಚ್ಚಿ ನೋಡಿ, ಅದರಲ್ಲೂ ಮೂರನೇ ವರ್ಷ 2026-27 ಟೀಮ್ ಆಪ್ಷನ್, ಒಕ್ಲಹೋಮ ಸಿಟಿಯ ಹುಡುಗರಾದ ಚೆಟ್ ಹೋಮ್‌ಗ್ರೆನ್ ಮತ್ತು ಜೇಲನ್ ವಿಲಿಯಮ್ಸ್ ಎಕ್ಸ್‌ಟೆನ್ಷನ್ ಶುರುವಾಗೋದು ಅದೇ ವರ್ಷ. ಅದಕ್ಕೇ ಡೀಲ್ ಬಂದ ತಕ್ಷಣ ನೀವು ಮಾಡಬೇಕಾದ ಕೆಲಸ ಇದು: ಕೊನೇ ವರ್ಷ ಯಾರ ಕೈಯಲ್ಲಿದೆ, ಟೀಮಾ ಪ್ಲೇಯರ್ರಾ ಅಂತ ನೋಡಿ, ಪಕ್ಕದಲ್ಲೇ ನಿಮ್ಮ ಹುಡುಗರ ಐದನೇ ವರ್ಷ ಯಾವುದು ಅಂತ ಬರೆದಿಟ್ಕೊಳ್ಳಿ. ಎರಡೂ ಹೊಂದಿದ್ರೆ ದುಬಾರಿ ಅನಿಸಿದ ಡೀಲ್ ಕೂಡ ಬುದ್ಧಿವಂತಿಕೆಯ ಡೀಲ್ ಆಗಿರಬಹುದು. ಹುಡುಗರ ಸಂಬಳ ಏರೋ ಹೊತ್ತಿಗೆ ವೆಟರನ್‌ಗೆ ಇನ್ನೂ ಎರಡು ಗ್ಯಾರಂಟಿ ವರ್ಷ ಉಳಿದಿದ್ರೆ, ಕಮ್ಮಿ ದುಡ್ಡಿನದಾದ್ರೂ ಹುಷಾರು.

ಆಮೇಲೆ ಕೋರ್ಟ್ ಮೇಲಿನ ಜಾಗ. ಡೆಟ್ರಾಯಿಟ್ ಪಿಸ್ಟನ್ಸ್ 2023-24ರಲ್ಲಿ 14-68, ಅದರಲ್ಲಿ ಸತತ 28 ಸೋಲು. ಆ ಬೇಸಿಗೆ ಕೋಚ್ ಬದಲಾದ, ಜೆ.ಬಿ. ಬಿಕರ್‌ಸ್ಟಾಫ್ ಬಂದ, ಟೋಬಯಸ್ ಹ್ಯಾರಿಸ್ 2 ವರ್ಷಕ್ಕೆ 52 ಮಿಲಿಯನ್, ಮಲಿಕ್ ಬೀಸ್ಲಿ 1 ವರ್ಷಕ್ಕೆ 6 ಮಿಲಿಯನ್, ಟಿಮ್ ಹಾರ್ಡವೇ ಜೂನಿಯರ್ ಟ್ರೇಡ್‌ನಲ್ಲಿ. ಯಾರೂ ಕುಣಿದಾಡೋ ಹೆಸರಲ್ಲ. ಆದ್ರೆ ಮುಂದಿನ ಸೀಸನ್ 44-38, ಕೇಡ್ ಕನ್ನಿಂಗ್‌ಹ್ಯಾಮ್ ಆಲ್‌ಸ್ಟಾರ್, ಆಲ್‌ಎನ್‌ಬಿಎ, ಪ್ಲೇಆಫ್‌ನಲ್ಲಿ 2008ರ ನಂತರ ಮೊದಲ ಗೆಲುವು.

ಇದು ಹೇಗಾಯ್ತು ಅನ್ನೋದನ್ನ ಒಂದೇ ಒಂದು ಪ್ಲೇನಲ್ಲಿ ನೋಡಬಹುದು. ಕೇಡ್ ಬಾಲ್ ಹಿಡ್ಕೊಂಡು ಬುಟ್ಟಿಯಿಂದ ದೂರ, ಎದುರಿಗೆ ನಿಂತಿದ್ದಾನೆ, ಜೇಲನ್ ಡ್ಯೂರೆನ್ ಬಂದು ಸ್ಕ್ರೀನ್ ಹಾಕಿ (ಕೇಡ್‌ನ ಡಿಫೆಂಡರ್ ದಾರಿಗೆ ಅಡ್ಡ ನಿಂತು) ರಿಮ್ (ಬುಟ್ಟಿ) ಕಡೆ ಓಡ್ತಾನೆ. ಅವನನ್ನ ತಡೀಬೇಕು ಅಂದ್ರೆ ಆ ಕಡೆ ಕಾರ್ನರ್‌ನಲ್ಲಿರೋ ಡಿಫೆಂಡರ್ ಒಳಗೆ ಬಂದು ಮೈ ಅಡ್ಡ ಕೊಡಬೇಕು. ಹಿಂದಿನ ವರ್ಷ ಆ ಡಿಫೆಂಡರ್ ಯೋಚನೆನೇ ಮಾಡದೆ ಒಳಗೆ ಬರ್ತಿದ್ದ, ಯಾಕಂದ್ರೆ ಅವನು ಬಿಟ್ಟುಬಂದ ಮನುಷ್ಯನಿಗೆ ತ್ರೀ (ದೂರದಿಂದ ಹಾಕೋ ಮೂರು ಪಾಯಿಂಟ್ ಶಾಟ್) ಹಾಕೋಕೆ ಬರ್ತಿರಲಿಲ್ಲ, ಕೇಡ್ ಎದುರಿಗೆ ಮೂರು ಜನ ಇರೋರು, ಬಾಲ್ ಕಳ್ಕೊಂಡ್ರೆ ನಾವು ಕೇಡ್‌ನ ಬೈತಿದ್ವಿ. 2024-25ರಲ್ಲಿ ಆ ಜಾಗದಲ್ಲಿ ಬೀಸ್ಲಿ ನಿಂತ, ಆ ಸೀಸನ್ 319 ತ್ರೀ ಹಾಕ್ದ, ಅದೂ 41 ಪರ್ಸೆಂಟ್ ಮೇಲೆ. ಈಗ ಡಿಫೆಂಡರ್ ಒಂದು ಹೆಜ್ಜೆ ಒಳಗಿಟ್ಟು ಮತ್ತೆ ಹಿಂದೆ ಎಳ್ಕೊಳ್ತಾನೆ, ಅಷ್ಟರಲ್ಲಿ ಡ್ಯೂರೆನ್‌ಗೆ ಲಾಬ್ (ಎತ್ತರಕ್ಕೆ ಎಸೆದ ಪಾಸ್) ಹೋಗಿ ಆಗಿರುತ್ತೆ. ಮ್ಯಾಚ್ ನೋಡುವಾಗ ಬಾಲ್ ಬಿಟ್ಟು ಆ ಮೂರನೇ ಡಿಫೆಂಡರ್‌ನ ಕಾಲು ನೋಡಿ, ಸೈನಿಂಗ್ ಕೆಲಸ ಮಾಡ್ತಿದೆಯಾ ಇಲ್ವಾ ಬಾಕ್ಸ್ ಸ್ಕೋರ್‌ಗಿಂತ ಮುಂಚೆ ಅಲ್ಲೇ ಗೊತ್ತಾಗುತ್ತೆ. 6 ಮಿಲಿಯನ್ ಕೊಟ್ಟು ಟೀಮ್ ಕೊಂಡಿದ್ದು ಕೇಡ್‌ಗೆ ಉಸಿರಾಡೋ ಜಾಗ.

ಮಿನಿಟ್ಸ್, ಅಂದ್ರೆ ಹುಡುಗರಿಗೆ ಆಡೋಕೆ ಸಿಗೋ ಸಮಯದ ವಿಷಯ ಸ್ವಲ್ಪ ಕಷ್ಟ, ಇಲ್ಲಿ ಎರಡೂ ಕಡೆ ನ್ಯಾಯ ಇದೆ. ಗೋಲ್ಡನ್ ಸ್ಟೇಟ್ 2020ರಲ್ಲಿ ಎರಡನೇ ಪಿಕ್‌ನಲ್ಲಿ ಜೇಮ್ಸ್ ವೈಸ್‌ಮನ್‌ನ ತಗೊಂಡ್ರು, ಟೀಮ್‌ನ ಸ್ಟಾರ್ ಕರ‍್ರಿ ಇರೋವಾಗ್ಲೇ ಗೆಲ್ಲೋದು, ಜೊತೆಗೇ ಮುಂದಿನ ಪೀಳಿಗೆನೂ ಬೆಳೆಸೋದು ಅಂತ ಪ್ಲಾನ್. 2022ರಲ್ಲಿ ಕಪ್ ಗೆದ್ರು ನಿಜ, ಆದ್ರೆ ಗಾಯದಿಂದ ವೈಸ್‌ಮನ್ ಆ ಸೀಸನ್ ಆಡಲೇ ಇಲ್ಲ, 2023ರ ಫೆಬ್ರವರಿಯಲ್ಲಿ ಟ್ರೇಡ್ ಆಗಿ ಹೋದ. ಪ್ರತಿ ಮ್ಯಾಚೂ ಗೆಲ್ಲಲೇಬೇಕು ಅನ್ನೋ ಟೀಮಲ್ಲಿ ಹುಡುಗ ಎರಡು ತಪ್ಪು ಮಾಡಿದ್ರೆ ಬೆಂಚ್‌ಗೆ ಬರ್ತಾನೆ, ತಪ್ಪು ಮಾಡದೆ ಕಲಿಯೋಕೂ ಆಗಲ್ಲ. ಒಕ್ಲಹೋಮ ಸಿಟಿ ಇದರ ಉಲ್ಟಾ ದಾರಿ ಹಿಡೀತು, 22-50, 24-58 ಸೀಸನ್‌ಗಳನ್ನ ಸಹಿಸ್ಕೊಂಡು ಶೈ ಗಿಲ್ಜಸ್ ಅಲೆಕ್ಸಾಂಡರ್‌ಗೂ ಡ್ರಾಫ್ಟ್ ಆಗದೆ ಟೂ ವೇ ಕಾಂಟ್ರಾಕ್ಟ್‌ನಲ್ಲಿ (ಎನ್‌ಬಿಎ ಮತ್ತು ಅದರ ಕೆಳಗಿನ ಲೀಗ್ ಎರಡರಲ್ಲೂ ಆಡೋ ಕರಾರು) ಬಂದ ಲೂ ಡೋರ್ಟ್‌ಗೂ ಆಡೋಕೆ ಬಿಟ್ಟರು. ಫ್ರೀ ಏಜೆಂಟ್‌ಗೆ ದೊಡ್ಡ ದುಡ್ಡು ಕೊಟ್ಟಿದ್ದು 57 ಮ್ಯಾಚ್ ಗೆದ್ದು ಪ್ಲೇಆಫ್‌ನಲ್ಲಿ ಡಲ್ಲಾಸ್ ಎದುರು ಸೋತು, ಏನು ಕಮ್ಮಿ ಇದೆ ಅಂತ ಕಣ್ಣಾರೆ ನೋಡಿದ್ಮೇಲೆ, ಆಗ ತಂದಿದ್ದೇ ಹಾರ್ಟೆನ್‌ಸ್ಟೈನ್‌ನ. ಮುಂದಿನ ವರ್ಷ 68-14, ಚಾಂಪಿಯನ್. ಹಾಗಂತ ಎಲ್ಲರೂ ವರ್ಷಗಟ್ಟಲೆ ಸೋಲಬೇಕು ಅಂತ ನಾನು ಹೇಳಲ್ಲ, ಡೆಟ್ರಾಯಿಟ್ 14-68ರಲ್ಲಿ ಹುಡುಗರಿಗೆ ಮಿನಿಟ್ಸ್ ಬೇಕಾದಷ್ಟು ಸಿಕ್ಕಿತ್ತು, ಅದರಿಂದ ಅವರು ಕಲಿತಿದ್ದು ಕಮ್ಮಿನೇ.

ಹುಡುಗ ಬೆಳೀತಿದ್ದಾನಾ ಅಂತ ನೋಡೋಕೆ ಪಾಯಿಂಟ್ಸ್ ಸರಾಸರಿ ಸಾಕಾಗಲ್ಲ, ಕೆಟ್ಟ ಟೀಮಲ್ಲಿ ಯಾರಾದ್ರೂ ಪಾಯಿಂಟ್ಸ್ ಹೊಡೀಲೇಬೇಕಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ, ಮ್ಯಾಚ್ ಟೈಟ್ ಇದ್ದಾಗ ಕೋಚ್ ಅವನನ್ನ ಒಳಗೆ ಇಡ್ತಾನಾ ನೋಡಿ. ಶೂಟಿಂಗ್ ಬರುತ್ತಾ ಅನ್ನೋಕೆ ತ್ರೀ ಪರ್ಸೆಂಟ್ ಒಂದೇ ಸೀಸನ್‌ನಲ್ಲಿ ತುಂಬಾ ಮೋಸ ಮಾಡುತ್ತೆ, ಫ್ರೀ ಥ್ರೋ ಜಾಸ್ತಿ ನಿಜ ಹೇಳುತ್ತೆ. ಇಂಗ್ರಾಮ್ ಮೊದಲ ವರ್ಷ ಫ್ರೀ ಥ್ರೋ 62 ಪರ್ಸೆಂಟ್ ಹತ್ರ, ನ್ಯೂ ಆರ್ಲಿಯನ್ಸ್‌ಗೆ ಹೋದ 2019-20ರಲ್ಲಿ 85, ಅದೇ ವರ್ಷ ಆಲ್‌ಸ್ಟಾರ್, ಮೋಸ್ಟ್ ಇಂಪ್ರೂವ್ಡ್ ಪ್ಲೇಯರ್. ಹೊಸ ಹುಡುಗರು ಆಡೋ ಲಾಸ್ ವೇಗಸ್ ಸಮ್ಮರ್ ಲೀಗ್ ಫ್ರೀ ಏಜೆನ್ಸಿ ಗಲಾಟೆಯ ಬೆನ್ನಲ್ಲೇ ಜುಲೈನಲ್ಲಿ ನಡೆಯುತ್ತೆ, ಅಲ್ಲಿ ಒಬ್ಬ 30 ಹೊಡೆದ ಅಂತ ಹೊಸ ಸೈನಿಂಗ್ ಬೇಕಾಗಿರಲಿಲ್ಲ ಅನ್ನೋ ವಾದ ದಯವಿಟ್ಟು ಬೇಡ, ಅಲ್ಲಿ ಎದುರಿಗಿರೋ ಹೆಚ್ಚಿನವರು ಎನ್‌ಬಿಎ ರೊಟೇಷನ್‌ನಲ್ಲೇ (ಮ್ಯಾಚ್‌ನಲ್ಲಿ ಖಾಯಂ ಆಡೋರಲ್ಲೇ) ಇರಲ್ಲ.

ವಾದಕ್ಕೆ ಇಳಿಯೋ ಮುಂಚೆ ನಾಲ್ಕು ಸಾಲು ಬರೆದಿಟ್ಕೊಳ್ಳಿ: ಕ್ಯಾಪ್‌ನಲ್ಲಿ ಎಷ್ಟು ಪರ್ಸೆಂಟ್, ಕೊನೇ ವರ್ಷ ಯಾರ ಕೈಯಲ್ಲಿ, ಯಾವ ಹುಡುಗನ ಮಿನಿಟ್ಸ್ ಹೋಗುತ್ತೆ, ಯಾವ ಹುಡುಗನಿಗೆ ಜಾಗ ಸಿಗುತ್ತೆ. ಎದುರಿನವರಿಗೂ ಇದೇ ನಾಲ್ಕಕ್ಕೆ ಉತ್ತರ ಕೇಳಿ, "ಅವನು ವೇಸ್ಟ್" ಅನ್ನೋರ ಜೊತೆಗೂ ಆಗ ಮಾತು ಮುಂದೆ ಹೋಗುತ್ತೆ. ಆಮೇಲೆ ತೀರ್ಪು ಕೊಡೋಕೆ ಡಿಸೆಂಬರ್ 15ರ ವರೆಗೆ ಕಾಯಿರಿ, ಬೇಸಿಗೆಯಲ್ಲಿ ಸೈನ್ ಆದ ಹೆಚ್ಚಿನ ಪ್ಲೇಯರ್‌ಗಳನ್ನ ಅವತ್ತಿಂದ ಟ್ರೇಡ್ ಮಾಡಬಹುದು, ಅಷ್ಟೊತ್ತಿಗೆ 25 ಮ್ಯಾಚ್ ಆಸುಪಾಸು ಆಗಿರುತ್ತೆ, ಆ ನಾಲ್ಕು ಸಾಲು ತೆಗೆದು ಒಂದೊಂದಾಗಿ ಟಿಕ್ ಹಾಕ್ತಾ ಹೋಗಿ.