ಮುಟ್ಟು ನಿಲ್ಲುವಾಗಿನ ಸೆಖೆಗೆ ಗಿಡಮೂಲಿಕೆ ಮಾತ್ರೆ: ಕೊಳ್ಳುವ ಮುಂಚೆ ಇಷ್ಟು ಮಾಡಿ

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಶತಾವರಿ ಪುಡಿ, ಮೆಡಿಕಲ್ ಶಾಪಿನಲ್ಲಿ ಸೋಯಾ ಕಾಳಿನಿಂದ ತೆಗೆದ ಐಸೊಫ್ಲೇವೋನ್ ಮಾತ್ರೆ, ಆನ್‌ಲೈನ್‌ನಲ್ಲಿ ಬ್ಲ್ಯಾಕ್ ಕೋಹಾಶ್ ಎಂಬ ಅಮೆರಿಕದ ಗಿಡಮೂಲಿಕೆ. ಡಾಕ್ಟರ ಚೀಟಿಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ವಿಚಾರಿಸುವ ಕೆಲಸ ನಮ್ಮದೇ.

ಮೊದಲು ನೀವು ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಬೆಂಗಳೂರಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಹೆಂಗಸರು ಎಷ್ಟು ಜನ ಇದ್ದಾರೆ ನೋಡಿ. ಸೋಯಾ ಆ ಮಾತ್ರೆ ಮೈಗೆ ಹತ್ತದಂತೆ ಮಾಡಬಹುದು, ಆದ್ದರಿಂದ ಎರಡರ ನಡುವೆ ಕೆಲವು ಗಂಟೆ ಬಿಡಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಖಿನ್ನತೆಗೆ ಅಥವಾ ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಮುಟ್ಟಲೇಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರು ಆ ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕೇಳದೆ ಯಾವುದನ್ನೂ ಶುರು ಮಾಡಬೇಡಿ.

ಯಾವುದು ಕೆಲಸ ಮಾಡುತ್ತದೆ? ಸೋಯಾದ ಮೇಲೆ ಅಧ್ಯಯನ ಜಾಸ್ತಿ ನಡೆದಿದೆ, ಕೆಲವರಿಗೆ ಸೆಖೆ ಸ್ವಲ್ಪ ತಗ್ಗುತ್ತದೆ, ಆದರೆ ಅದನ್ನು ಈಕ್ವಾಲ್ ಎಂಬ ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಎಲ್ಲರ ಕರುಳಲ್ಲೂ ಇರುವುದಿಲ್ಲ, ಪಕ್ಕದ ಮನೆಯವರಿಗೆ ಆದದ್ದು ನಿಮಗೆ ಆಗದಿರಲು ಅದೂ ಒಂದು ಕಾರಣ ಇರಬಹುದು. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ ಎಂಬ ತಜ್ಞರ ಸಂಘ 2023ರಲ್ಲಿ ಸೆಖೆಗೆ ಸೋಯಾವನ್ನಾಗಲಿ ಬ್ಲ್ಯಾಕ್ ಕೋಹಾಶನ್ನಾಗಲಿ ಶಿಫಾರಸು ಮಾಡಲಿಲ್ಲ. ಅಗಸೆ ಬೀಜದ ಚಟ್ನಿಪುಡಿ ಧಾರಾಳವಾಗಿ ತಿನ್ನಿ, ಮಲಬದ್ಧತೆಗೆ ಒಳ್ಳೆಯದು, ಸೆಖೆ ಇಳಿಯುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ.

ಆದರೂ ನೋಡಲೇಬೇಕು ಅನ್ನಿಸಿದರೆ ಒಂದು ಸಲಕ್ಕೆ ಒಂದೇ. ನಾಲ್ಕು ಒಟ್ಟಿಗೆ ನುಂಗಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ? ಶುರು ಮಾಡುವ ಎರಡು ವಾರ ಮುಂಚಿನಿಂದಲೇ ದಿನಕ್ಕೆ ಎಷ್ಟು ಸಲ ಮೈ ಧಗ್ ಅಂದಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಔಷಧಿಯೇ ಇಲ್ಲದ ಬರೀ ಸಕ್ಕರೆಯ ಗುಳಿಗೆ ಕೊಟ್ಟರೂ ಎಷ್ಟೋ ಹೆಂಗಸರಿಗೆ ಸೆಖೆ ಕಡಿಮೆಯಾಗುತ್ತದೆ, ಅದಕ್ಕೇ ಈ ಲೆಕ್ಕ ಬೇಕು. 12 ವಾರ ನೋಡಿ. ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ, ಸುಮ್ನೆ ದುಡ್ಡು ಸುರಿಯಬೇಡಿ.

ಡಬ್ಬಿಯ ಮೇಲೆ ಯಾವ ಮೂಲಿಕೆ ಎಷ್ಟು ಮಿಲಿಗ್ರಾಂ ಅಂತ ಬರೆದಿಲ್ಲದಿದ್ದರೆ ವಾಪಸ್ ಇಡಿ. ಬ್ಲ್ಯಾಕ್ ಕೋಹಾಶ್, ಅಶ್ವಗಂಧ ಅಪರೂಪಕ್ಕೆ ಲಿವರಿಗೆ ಪೆಟ್ಟು ಕೊಟ್ಟಿದ್ದುಂಟು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನಿದ್ದೆಯೇ ಕೆಡುವಷ್ಟು ಸೆಖೆ ಇದ್ದರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ, ಅದು ನಿಮಗೆ ಹೊಂದುತ್ತದಾ ಅಂತ ಕೇಳಿ. ವಾಣಿವಿಲಾಸದಂಥ ಸರ್ಕಾರಿ ಆಸ್ಪತ್ರೆಯಲ್ಲೂ ಸ್ತ್ರೀರೋಗ ತಜ್ಞರು ಸಿಗುತ್ತಾರೆ. ಇನ್ನು, ಮುಟ್ಟು ನಿಂತು ಒಂದು ವರ್ಷ ಆದಮೇಲೆ ಒಂದು ಹನಿ ರಕ್ತ ಕಂಡರೂ ಯಾವ ಪುಡಿಯನ್ನೂ ಹುಡುಕಬೇಡಿ, ನೇರವಾಗಿ ತೋರಿಸಿಕೊಳ್ಳಿ.