ತೆಂಗಿನ ಮಟ್ಟೆ, ಗರಿ ಸುಡಬೇಡಿ

ಒಂದು ಎಕರೆಗೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು! ಅಷ್ಟೂ ನೀರು ತೋಟದಲ್ಲೇ ಇಂಗುತ್ತದೋ, ಹಳ್ಳ ಸೇರುತ್ತದೋ ಅನ್ನುವುದು ಮಣ್ಣಿನ ಕೈಯಲ್ಲಿದೆ. ಬೋಳು ಕೆಂಪು ಮಣ್ಣಿಗೆ ಹನಿ ಬಡಿದು ಬಡಿದು ಮೇಲ್ಪದರ ಗಟ್ಟಿಯಾಗುತ್ತದೆ. ಆಮೇಲೆ ನೀರು ಒಳಗಿಳಿಯುವುದಿಲ್ಲ, ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ.

ಅದಕ್ಕೇ ತೆಂಗಿನಕಾಯಿ ಸುಲಿದ ಮಟ್ಟೆ, ಗರಿಗಳನ್ನು ದಯವಿಟ್ಟು ಸುಡಬೇಡಿ. ಮರದ ಸುತ್ತ ಸುಮಾರು 2 ಮೀಟರ್‌ವರೆಗೆ ಹರಡಿ. ಮಟ್ಟೆಯ ಉಬ್ಬಿದ ಬೆನ್ನು ಮೇಲಿರಲಿ, ಬಿಸಿಲಿಗೆ ತೇವ ಬೇಗ ಆರುವುದಿಲ್ಲ. ಗುಂಡಿಯಲ್ಲಿ ಹೂಳುವುದಾದರೆ ಮಾತ್ರ ಒಳಮೈ ಮೇಲಕ್ಕಿರಲಿ, ನೀರು ಹಿಡಿಯುತ್ತದೆ. ನೆರಳು, ತೇವ ಸಿಕ್ಕರೆ ಎರೆಹುಳುಗಳು ತಾವಾಗೇ ಬರುತ್ತವೆ. ಅವು ಕೊರೆದ ದಾರಿಯಲ್ಲೇ ಅಲ್ವಾ ಮುಂದಿನ ಮಳೆ ಇಳಿಯುವುದು? ಗೆದ್ದಲು ಜಾಸ್ತಿ ಇರುವ ಕಡೆ ಬುಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಟ್ಟು ಹರಡಿ.