ಪರದೆ ತುಂಬ ಬಿಳಿ ಚುಕ್ಕೆಯೇ? ಲ್ಯಾಂಪ್ ಬಿಡಿ, ಚಿಪ್ ಬದಲಿಸಿ

ಷಿಕಾಗೋ ಹತ್ತಿರ ಇರುವ ಗೆಳೆಯನ ಬೇಸ್‌ಮೆಂಟಿನಲ್ಲಿ 65 ಇಂಚಿನ ಹಳೇ ಡಿಎಲ್‌ಪಿ ಟಿವಿ ಇದೆ. ಹಿಂದೆ ಗೂನುಬೆನ್ನಿರುವ, ಒಳಗಿನ ಲ್ಯಾಂಪಿನ ಬೆಳಕಿನಿಂದ ಪರದೆಯ ಹಿಂಬದಿಗೆ ಚಿತ್ರ ಬಿಡುವ ಆ ರಿಯರ್ ಪ್ರೊಜೆಕ್ಷನ್ ಜಾತಿಯದು. ಅದರಲ್ಲಿ ಕ್ರಿಕೆಟ್ ನೋಡಲು ಕೂತರೆ ಚೆನ್ನೈ ಬಿಸಿಲಿನಲ್ಲೂ ಹಿಮ ಬೀಳುತ್ತಿತ್ತು. ಪರದೆ ತುಂಬ ಬಿಳಿ ಚುಕ್ಕೆ. ಗೆಳೆಯ ಲ್ಯಾಂಪ್ ಬದಲಿಸಿದ. ಚುಕ್ಕೆ ಹೋಗಲಿಲ್ಲ. ಲ್ಯಾಂಪೇ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ತರಿಸಿದ. ಅದರ ಜೋರು ಬೆಳಕಿಗೆ ಚುಕ್ಕೆಗಳು ಇನ್ನೂ ಚೆನ್ನಾಗಿ ಕಂಡವು.

ಈ ಟಿವಿಯ ಜೀವ ಇರುವುದು ಡಿಎಂಡಿ ಅನ್ನುವ ಒಂದು ಚಿಪ್‌ನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದದ್ದು. (ಬೆಂಗಳೂರಿನವರಿಗೆ ಈ ಕಂಪನಿ ಗೊತ್ತಿರಲೇಬೇಕು. 1985ರಲ್ಲೇ ಅಲ್ಲಿ ಕಚೇರಿ ತೆರೆದವರು.) ಚಿಪ್ ಮೇಲೆ ಲಕ್ಷಗಟ್ಟಲೆ ಪುಟ್ಟ ಕನ್ನಡಿಗಳಿವೆ. ಒಂದೊಂದೂ ಕೂದಲೆಳೆಗಿಂತ ಸಣ್ಣದು. ಇಂಥ ಟಿವಿಗಳ ಚಿಪ್‌ಗಳಲ್ಲಿ ಅವು ಆ ಕಡೆ ಈ ಕಡೆ 10ರಿಂದ 12 ಡಿಗ್ರಿ ಓರೆಯಾಗುತ್ತವೆ. ಒಂದು ಕಡೆ ವಾಲಿದರೆ ಬೆಳಕು ಪರದೆಗೆ, ಇನ್ನೊಂದು ಕಡೆ ವಾಲಿದರೆ ಕತ್ತಲು. ಬೆಳಕಿನ ಕಡೆಗೇ ಸಿಕ್ಕಿಕೊಂಡ ಕನ್ನಡಿ ಬಿಳಿ ಚುಕ್ಕೆ, ಕತ್ತಲ ಕಡೆಗೆ ಸಿಕ್ಕಿಕೊಂಡದ್ದು ಕಪ್ಪು ಚುಕ್ಕೆ. ಇವತ್ತು ನಾಲ್ಕು ಕಂಡರೆ ಸುಮ್ನೆ ಬಿಡಬೇಡಿ, ಜಾಸ್ತಿ ಆಗುತ್ತಲೇ ಹೋಗುತ್ತವೆ.

ಹಾಗಾಗಿ ಮೊದಲು ರೋಗ ಗುರುತಿಸಿ. ಟಿವಿಯ ಮೆನು ತೆರೆದಾಗಲೂ, ಚಾನೆಲ್ ಬದಲಿಸಿದಾಗಲೂ ಚುಕ್ಕೆ ಇದ್ದಲ್ಲೇ ಇದ್ದರೆ ಚಿಪ್ ಹೋಗಿದೆ. ಚಿತ್ರ ಮಂಕಾಗಿದ್ದರೆ ಅಥವಾ ದೀಪ ಹೊತ್ತಿಕೊಳ್ಳದಿದ್ದರೆ ಮಾತ್ರ ಲ್ಯಾಂಪಿನ ಕಡೆ ನೋಡಿ. ಒಳಗೆ ಕುಯ್ಯೋ ಅನ್ನುವ ಸದ್ದು ಬಂದು ಬಣ್ಣ ಕೆಟ್ಟರೆ ಕಲರ್ ವೀಲ್ (ಬೆಳಕಿಗೆ ಬಣ್ಣ ಕೊಡುತ್ತಾ ತಿರುಗುವ ಚಕ್ರ) ಮೇಲೆ ಅನುಮಾನ ಪಡಿ. ಇನ್ನೊಂದು ಮಾತು. ಡಿಎಲ್‌ಪಿಗಿಂತ ಹಳೆಯ, ಮೂರು ಪಿಕ್ಚರ್ ಟ್ಯೂಬಿನ ಸೆಟ್ ನಿಮ್ಮದಾದರೆ ಈ ಲೇಖನ ನಿಮಗಲ್ಲ. ಆ ಟ್ಯೂಬುಗಳಲ್ಲಿ ಸಾವಿರಾರು ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಮುಟ್ಟಬೇಡಿ.

ಹೊಸ ಟಿವಿ ತಗೊಳ್ಳಬಾರದಾ ಅಂತ ಕೇಳುವವರು ತಗೊಳ್ಳಿ, ಬೇಡ ಅನ್ನಲ್ಲ. ಇಂಥ ಟಿವಿ ಮಾಡುತ್ತಿದ್ದ ಕೊನೆಯ ದೊಡ್ಡ ಕಂಪನಿ ಮಿತ್ಸುಬಿಷಿ. ಅದೂ 2012ರ ಕೊನೆಗೆ ಇವನ್ನು ಮಾಡುವುದು ನಿಲ್ಲಿಸಿತು. ಬಿಡಿಭಾಗ ಈಗ ಆನ್‌ಲೈನ್ ಮಾರುವವರ ಹತ್ತಿರ ಮಾತ್ರ. ಚಿಪ್ ತರಿಸುವಾಗ ಟಿವಿ ಮಾಡೆಲ್ ಒಂದನ್ನೇ ನಂಬಬೇಡಿ. ನಿಮ್ಮ ಚಿಪ್ ಮೇಲೆ ಅಚ್ಚಾಗಿರುವ ನಂಬರನ್ನೇ ಹೇಳಿ. ‘ರಿಫರ್ಬಿಶ್ಡ್’ ಅಂತ ಬರೆದಿದ್ದರೆ ಬೇಡವೇ ಬೇಡ. ಸಿಕ್ಕಿಕೊಂಡ ಕನ್ನಡಿಯನ್ನು ಯಾರೂ ರಿಪೇರಿ ಮಾಡಿಲ್ಲ. ಅದು ಬೇರೆ ಸೆಟ್ಟಿನಿಂದ ಕಿತ್ತ ಹಳೇ ಚಿಪ್, ಅಷ್ಟೇ.

ಪ್ಲಗ್ ಕಿತ್ತು ಒಂದು ಗಂಟೆ ಆರಲು ಬಿಡಿ. ಹಿಂದಿನ ಮುಚ್ಚಳ ಬಿಚ್ಚಿ, ಲ್ಯಾಂಪನ್ನು ಹೊರಗೆ ತೆಗೆದಿಡಿ. ಅದರೊಳಗೆ ಪಾದರಸ ಇದೆ, ಒಡೆಯದ ಹಾಗೆ ನೋಡಿಕೊಳ್ಳಿ. ಗಾಜಿಗೆ ಕೈಯನ್ನೂ ತಾಗಿಸಬೇಡಿ. ಕೇಬಲ್‌ಗಳ ಫೋಟೊ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿ, ಆಮೇಲೆ ಕೀಳಿ. ಲೈಟ್ ಎಂಜಿನ್ ಅನ್ನುವ, ಚಿಪ್ ಇರುವ ಡಬ್ಬಿಯನ್ನು ಸ್ಕ್ರೂ ಬಿಚ್ಚಿ ಹೊರಗೆಳೆದು ಊಟದ ಮೇಜಿನ ಮೇಲೆ ಇಡಿ. ಇಲ್ಲಿಯವರೆಗೆ ಯಾರು ಬೇಕಾದರೂ ಮಾಡಬಹುದು. ಇಲ್ಲಿಂದ ಮುಂದೆ ಫೋನ್ ಸೈಲೆಂಟ್ ಮಾಡಿ, ಮಕ್ಕಳನ್ನು ಮೇಲಕ್ಕೆ ಕಳಿಸಿ.

ಮೊದಲು ಸ್ಟ್ಯಾಟಿಕ್, ಅಂದರೆ ಮೈಮೇಲೆ ಕೂಡಿಕೊಳ್ಳುವ ವಿದ್ಯುತ್. ಚಳಿಗಾಲದಲ್ಲಿ ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿ ಮುಟ್ಟಿದರೆ ಚುರ್ ಅನ್ನುತ್ತದಲ್ಲ, ಆ ಒಂದು ಚುರ್ ಸಾಕು ಹೊಸ ಚಿಪ್ ಹಾಳಾಗಲು. ಉಣ್ಣೆ ಸ್ವೆಟರ್ ತೆಗೆಯಿರಿ. ಆ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಗ್ರೌಂಡಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ. ನಾನು ಈ ಪಟ್ಟಿ ಇಲ್ಲದೆ ಕೂರುವುದೇ ಇಲ್ಲ.

ಡಬ್ಬಿಯ ಒಂದು ಬದಿಗೆ ಸಣ್ಣ ಬೋರ್ಡು, ಅದರ ಬೆನ್ನಿಗೆ ಚಿಪ್‌ನ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹೀಟ್ ಸಿಂಕ್ ಇರುತ್ತದೆ. ಹೀಟ್ ಸಿಂಕಿನ ಸ್ಕ್ರೂಗಳಿಗೆ ಸ್ಪ್ರಿಂಗ್ ಇದ್ದರೆ ಒಂದನ್ನೇ ಪೂರ್ತಿ ಬಿಚ್ಚಬೇಡಿ. ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಹೀಟ್ ಸಿಂಕನ್ನು ನೇರ ಮೇಲಕ್ಕೆ ಎತ್ತಬೇಕು. ಪಕ್ಕಕ್ಕೆ ಜಾರಿಸಿದಿರೋ, ನಡುವೆ ಬಿಸಿ ದಾಟಿಸಲು ಹಚ್ಚಿದ ಹಳೇ ಥರ್ಮಲ್ ಪೇಸ್ಟ್ ಬಳಿದುಕೊಂಡು ಚಿಪ್‌ನ ಸಂಪರ್ಕಗಳ ಮೇಲೆ ಹೋಗುತ್ತದೆ. ಒಣಗಿ ಅಂಟಿಕೊಂಡಿದ್ದರೆ ಮೆಲ್ಲಗೆ ಆ ಕಡೆ ಈ ಕಡೆ ತಿರುಚಿ ಸಡಿಲ ಮಾಡಿ. ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ. ಗೆಳೆಯ ಮೀಟಲು ಹೋಗಿ ಬೋರ್ಡಿನ ಮೂಲೆ ಚಕ್ಕೆ ಎಬ್ಬಿಸಿದ. ಪುಣ್ಯಕ್ಕೆ ಅಲ್ಲಿ ಕರೆಂಟ್ ಹರಿಯುವ ಗೆರೆ ಇರಲಿಲ್ಲ.

ಬೋರ್ಡು ಎತ್ತಿದ ಕೂಡಲೇ ಡಬ್ಬಿಯಲ್ಲಿ ಕಾಣುವ ಕಿಂಡಿಗೆ ಸ್ವಚ್ಛ ಬಟ್ಟೆ ಹೊದಿಸಿ. ಅಲ್ಲಿಗೆ ಬಿದ್ದ ಒಂದು ಧೂಳಿನ ಕಣವೂ ಪರದೆ ಮೇಲೆ ಕಲೆಯಾಗಿ ಕಾಣುತ್ತದೆ. ಊದಬೇಡಿ, ಎಂಜಲು ಹಾರುತ್ತದೆ.

ಈಗ ಸಾಕೆಟ್, ಅಂದರೆ ಬೋರ್ಡಿನಲ್ಲಿ ಚಿಪ್ ಕೂರುವ ಗೂಡು. ಹೆಚ್ಚಿನ ಸೆಟ್‌ಗಳಲ್ಲಿ ಸಾಕೆಟ್ ಪಕ್ಕ ಒಂದು ಲಾಕ್ ಸ್ಕ್ರೂ ಇದೆ. ಅದು ಬಿಚ್ಚಿ ತೆಗೆಯುವ ಸ್ಕ್ರೂ ಅಲ್ಲ, ಕಾಲು ಸುತ್ತು ತಿರುಗಿಸುವ ಬೀಗ. ನಾನು ಕಂಡ ಹಾಗೆ ಅರ್ಧ ಜನ ಎಡವುವುದು ಇಲ್ಲೇ. ಕೆಲವರು ಸುತ್ತುತ್ತಲೇ ಹೋಗಿ ಸಾಕೆಟ್ ಮುರಿಯುತ್ತಾರೆ, ಕೆಲವರು ಬೀಗ ತೆಗೆಯದೆ ಚಿಪ್ ಕೀಳಲು ನೋಡುತ್ತಾರೆ. ಚಪ್ಪಟೆ ಸ್ಕ್ರೂ ಡ್ರೈವರಿನಿಂದ ಕಾಲು ಸುತ್ತು ತಿರುಗಿಸಿ. ಬೀಗ ಬಿಟ್ಟಿದ್ದರೆ ಚಿಪ್ ತಾನಾಗಿ ಸಡಿಲವಾಗಿರುತ್ತದೆ, ಬಲ ಬೇಕಿಲ್ಲ. ಬಲ ಬೇಕಾಯಿತು ಅಂದರೆ ಬೀಗ ಬಿಟ್ಟಿಲ್ಲ.

ಚಿಪ್ ಎತ್ತುವ ಮುಂಚೆ ಅದರ ಗುರುತಿನ ಮೂಲೆ ಯಾವ ಕಡೆ ಇದೆ ಅಂತ ಫೋಟೊ ತೆಗೆಯಿರಿ. ಹೊಸದನ್ನು ಅಂಚು ಹಿಡಿದೇ ಎತ್ತಿ, ಅದೇ ದಿಕ್ಕಿಗೆ ಕೂರಿಸಿ. ಚಿಪ್‌ನ ಗಾಜಿನ ಕಿಟಕಿಗೆ ಬೆರಳು ತಾಗಿದರೆ ಲೆನ್ಸ್ ಒರೆಸುವ ಬಟ್ಟೆ ಬಿಟ್ಟು ಬೇರೆ ಏನೂ ಬೇಡ. ಅಂಗಿಯ ತುದಿಯಂತೂ ಬೇಡವೇ ಬೇಡ. ಕೂರಿಸಿದ ಮೇಲೆ ಬೀಗವನ್ನು ಕಾಲು ಸುತ್ತು ವಾಪಸ್ ತಿರುಗಿಸಿ. ಇದನ್ನು ಮರೆತರೆ ಚಿತ್ರ ಬರುವುದಿಲ್ಲ, ಬಂದರೂ ಗೀರು ಗೀರಾಗಿ ಬರುತ್ತದೆ. ಆಗ ಚಿಪ್ ಮಾರಿದವನಿಗೆ ಬಯ್ಯುತ್ತಾ ಕೂರುತ್ತೀರಿ.

ಹೀಟ್ ಸಿಂಕಿನ ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ. ಹೊಸದು ಅಕ್ಕಿ ಕಾಳಿನಷ್ಟು ಸಾಕು. ಬ್ರೆಡ್ಡಿಗೆ ಜಾಮ್ ಸವರಿದ ಹಾಗೆ ಬಳಿಯುವವರನ್ನು ನೋಡಿದ್ದೇನೆ, ಅದು ಹಿಂಡಿಕೊಂಡು ಸಾಕೆಟ್ ಸೇರುತ್ತದೆ. ಚಿಪ್ ಜೊತೆ ಪುಕ್ಕಟೆ ಬರುವ ಬಿಳಿ ಪೇಸ್ಟನ್ನು ಕಸಕ್ಕೆ ಹಾಕಿ, ಕಂಪ್ಯೂಟರ್ ಅಂಗಡಿಯಲ್ಲಿ ಒಳ್ಳೇದು ತನ್ನಿ. ಆದರೆ ಲೋಹ ಬೆರೆತ, ವಿದ್ಯುತ್ ಹರಿಯುವಂಥದ್ದು ಬೇಡ. ಸ್ಕ್ರೂಗಳನ್ನು ಮತ್ತೆ ಎದುರು ಬದುರಾಗಿ ಬಿಗಿ ಮಾಡಿ. ತೋಳಿನ ಬಲ ತೋರಿಸಬೇಡಿ, ಅದು ಸೈಕಲ್ ನಟ್ ಅಲ್ಲ.

ಫ್ಯಾನ್‌ಗಳ ಧೂಳು ತೆಗೆಯದೆ ಮುಚ್ಚಳ ಹಾಕಬೇಡಿ. ಗೆಳೆಯನ ಟಿವಿಯಲ್ಲಿ ಒಂದು ಫ್ಯಾನು ಹತ್ತಿಯ ಉಂಡೆಯಾಗಿತ್ತು. ಗಾಳಿ ಆಡದೆ ಬಿಸಿ ಏರಿದರೆ ಹೊಸ ಚಿಪ್ಪಿಗೂ ಅದೇ ಗತಿ.

ಉಳಿದದ್ದು ಬಿಚ್ಚಿದ್ದರ ಉಲ್ಟಾ. ಎಲ್ಲ ಜೋಡಿಸಿ ಬಟನ್ ಒತ್ತಿದರೆ ಏನೂ ಆಗದಿದ್ದರೆ ಗಾಬರಿಯಾಗಿ ಮತ್ತೆ ಡಬ್ಬಿ ಹೊರಗೆಳೆಯಬೇಡಿ. ಮೊದಲು ಲ್ಯಾಂಪಿನ ಬಾಗಿಲು ನೋಡಿ. ಅದು ಸರಿಯಾಗಿ ಮುಚ್ಚದಿದ್ದರೆ ಒಳಗಿನ ಸಣ್ಣ ಸ್ವಿಚ್ ಒತ್ತುವುದಿಲ್ಲ, ಲ್ಯಾಂಪ್ ಹೊತ್ತುವುದಿಲ್ಲ. ಇದು ಗೊತ್ತಿಲ್ಲದೆ ನಾವಿಬ್ಬರೂ ರಾತ್ರಿ ಒಂದು ಗಂಟೆಗೆ ಇಡೀ ಸೆಟ್ಟನ್ನು ಎರಡನೇ ಸಲ ಬಿಚ್ಚಿದ್ದೆವು.